ಗಂಟು ಬಿಚ್ಚದ ನಾಮಕರಣ

ಮೊಮ್ಮಗಳು ಭಾಗ್ಯಶ್ರೀ ಸೇಡಂನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾಳೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ ಆದ್ದರಿಂದ ನನ್ನ ಕುರ್ಚಿಯೂ ಅಲ್ಲೇ ಇದೆ. ಬರುವ ಗಿರಾಕಿಗಳು ನನ್ನನ್ನೂ ಸ್ಟುಡಿಯೋದ ಸಾಮಾನೆಂದೇ ತಿಳಿದಿದ್ದಾರೆ. ಒಬ್ಬಾಕೆ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಫೋಟೋ ತೆಗೆಸಿಕೊಂಡೂ ಹೋದಳು. ಮೊನ್ನೆ ಭಾಗ್ಯಶ್ರೀ ಒಂದು ಮದುವೆಯ ಒಂಬೈನೂರು ಫೋಟೋಗಳನ್ನು ಕಂಪ್ಯೂಟರಿನೊಳಗೆ ತುಂಬಿಕೊಂಡು ಕೂತಿದ್ದಳು. ಕ್ಯಾಮೆರಾ ಅವಕ್ಕೆ ಇಟ್ಟ ಹೆಸರೆಂದರೆ ಬರೀ ಅಂಕಿ. ಒಂದೊಂದಕ್ಕೂ ಬೇರೆ ಹೆಸರಿಡಬೇಕಾದರೆ ಈ ವಾರವೆಲ್ಲ ಚಹಾ ಮಾಡಿಕೊಡುವವರು ಯಾರೆಂದು ನಾನು ನನ್ನ ಚಿಂತೆಯಲ್ಲಿದ್ದೆ.

ಅವಳು ಫೋಟೋಗಳನ್ನು ಮುಟ್ಟಲೇ ಇಲ್ಲ. ಪತ್ರ ಬರೆಯುವಂಥ ಒಂದು ಬಿಳಿ ಪುಟ ತೆರೆದಳು. ಅದರಲ್ಲಿ ಒಂಬೈನೂರು ಹೆಸರುಗಳೂ ಒಂದರ ಕೆಳಗೊಂದು ಸಾಲಾಗಿ ಬಂದು ನಿಂತವು. ಕಾಗದದಲ್ಲಿ ತಪ್ಪು ತಿದ್ದುವ ಹಾಗೆ ಅವಳು ಆ ಸಾಲುಗಳನ್ನು ತಿದ್ದಿದಳು. ಇಷ್ಟು ಸಾಲಿಗೆ ಅರಿಶಿನ, ಇಷ್ಟಕ್ಕೆ ಅಕ್ಷತೆ, ಇಷ್ಟಕ್ಕೆ ಊಟ. ಕೊನೆಗೊಂದು ಗುಂಡಿ ಒತ್ತಿದಳು. ಆ ಕಡೆ ಒಂಬೈನೂರು ಫೋಟೋಗಳೂ ತಮ್ಮ ಹೊಸ ಹೆಸರು ಹೊತ್ತುಕೊಂಡು ಕೂತಿದ್ದವು.

"ಫೋಟೋ ತೆರದು ನೋಡಂಗಿಲ್ಲೇನ?" ಎಂದೆ.

"ಯಾಕ ತೆರೀಬೇಕು ಮುತ್ಯಾ? ಹೆಸರಿನ ಯಾದಿ ತಿದ್ದಿದ್ರ ಆಯ್ತು."

"ಸಾಲು ಎಣಿಸಿದಿ?"

"ಯಾಕ ಎಣಸಬೇಕು?" ಎಂದು ಅವಳು ನಕ್ಕಳು.

ಯಾಕೆ ಎಣಿಸಬೇಕು ಎಂಬುದಕ್ಕೆ ಉತ್ತರ ನನ್ನ ಹತ್ತಿರ ಐವತ್ತು ವರ್ಷದಿಂದ ಇದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ರಾಜ್ಯಕ್ಕಿದ್ದ ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂದಾದ ಮರುವರ್ಷದ ಮಾತು. ನಾನು ಚಿತ್ತಾಪುರದ ಕಡೆ ಒಂದು ಕಚೇರಿಯಲ್ಲಿ ಹೊಸ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ. ಈಗ ಅಲ್ಲಿರುವವರು ಮರ್ಯಾದಸ್ಥರು. ಬಾವಿ, ಕಾಲುದಾರಿ, ದನದ ದೊಡ್ಡಿ, ಸಣ್ಣಪುಟ್ಟ ಸೇತುವೆ ಇಂಥವುಗಳ ಕಾಗದಪತ್ರ ನೋಡುವ ಜಾಗ ಎಂದರೆ ಸಾಕು. ನೆಲಕ್ಕೆ ಶಹಾಬಾದ ಫರ್ಸಿ ಹಾಸಿತ್ತು, ರೆಕಾರ್ಡ್ ಕೋಣೆಯಲ್ಲಿ ಕಡತ ಇಡುವ ಹಲಗೆಗಳೂ ಅದೇ ಫರ್ಸಿಕಲ್ಲಿನವು. ಬೇಸಿಗೆಯಲ್ಲಿ ಊರಿಗೆ ಊರೇ ಹಂಚಿನ ಹಾಗೆ ಕಾಯ್ದರೂ ಆ ಕೋಣೆ ತಣ್ಣಗಿರುತ್ತಿತ್ತು. ಹೀಗಾಗಿ ನನಗೆ ಹಳೆಯ ಕಡತಗಳಲ್ಲಿ ವಿಪರೀತ ಆಸಕ್ತಿ ಹುಟ್ಟಿತು. ಊಟವಾದ ಮೇಲೆ ದಿನಾ ಅಲ್ಲಿಗೆ ಹೋಗುತ್ತಿದ್ದೆ. ನನ್ನ ಆಸಕ್ತಿ ಕೆಲವು ಸಲ ಹೊರಗಿನವರೆಗೆ ಗೊರಕೆಯಾಗಿ ಕೇಳಿಸುತ್ತಿತ್ತಂತೆ.

ಆ ಕೋಣೆಯ ಯಜಮಾನರು ಖಾಸಿಂ ಸಾಹೇಬರು. ನಿಜಾಮರ ಕಾಲದಲ್ಲಿ ಸೇರಿದವರು, ಮೂವತ್ತೊಂದು ವರ್ಷದಿಂದ ಅದೇ ಕೋಣೆ ಕಾಯುತ್ತಿದ್ದವರು. ಕಡತಕ್ಕೆ ಅವರು ಮಿಸಲ್ ಎನ್ನುತ್ತಿದ್ದರು. ಒಂದೊಂದು ಮಿಸಲ್ ಕೆಂಪು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಒಂದೊಂದು ಗಂಟು. ಗಂಟಿನ ಮೇಲೆ ಉರ್ದುವಿನಲ್ಲಿ ಹೆಸರು ಬರೆದ ಚೀಟಿ. ಹಲಗೆಯ ಸಾಲುಗಳಿಗೆ ಅವರು ಓಣಿ ಎನ್ನುತ್ತಿದ್ದರು, ಒಂದು ಗಂಟು ಕೂರುವ ಜಾಗಕ್ಕೆ ಮನೆ. "ರಾವೂರ ಬಾವಿ ಏನ್ರಿ? ಮೂರನೇ ಓಣಿ, ಏಳನೇ ಮನಿ," ಎಂದು ಕೂತಲ್ಲಿಂದಲೇ ಹೇಳಿ, ಹೋಗಿ, ತಂದುಕೊಡುತ್ತಿದ್ದರು. ಚೀಟಿಯ ಕಡೆ ಕಣ್ಣು ಹಾಯಿಸುತ್ತಲೂ ಇರಲಿಲ್ಲ. ಕನ್ನಡ ಮಾತಾಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಕನ್ನಡದಲ್ಲಿ ಸಹಿ ಮಾಡುವುದನ್ನು ಕಲಿತಿದ್ದರು, ಅದನ್ನೂ ಚಿತ್ರ ಬರೆದ ಹಾಗೆ ನಾಲಿಗೆ ಹೊರಗೆ ಹಾಕಿ ಬರೆಯುತ್ತಿದ್ದರು.

ಅವರು ನಿವೃತ್ತರಾಗಲು ಆರು ವಾರ ಉಳಿದಿದ್ದಾಗ ಮೇಲಿನಿಂದ ಆದೇಶ ಬಂತು: ಎಲ್ಲ ಕಡತಗಳ ಹೆಸರೂ ಕನ್ನಡದಲ್ಲಿ ಆಗಬೇಕು, ಮೈಸೂರು ಎಂದಿದ್ದಲ್ಲಿ ಕರ್ನಾಟಕ ಎಂದಿರಬೇಕು. ನಮ್ಮ ಹೆಡ್ ಕ್ಲರ್ಕ್ ಭೀಮರಾಯರು ನನ್ನ ಗೊರಕೆಯನ್ನು ಕೇಳಿದವರಲ್ಲಿ ಒಬ್ಬರು. "ನಿನಗ ಆ ಖೋಲಿ ಭಾಳ ಸೇರ್ತದಲ್ಲಪಾ, ನೀನ ಮಾಡು," ಎಂದು ಕೆಲಸವನ್ನು ನನಗೇ ಹಚ್ಚಿದರು. ಒಟ್ಟು ನಾನೂರ ಹನ್ನೆರಡು ಗಂಟುಗಳು. ಇಳಿಸಬೇಕು, ಬಿಚ್ಚಬೇಕು, ಒಳಗೇನಿದೆ ನೋಡಬೇಕು, ಹೊಸ ಚೀಟಿ ಬರೆದು ಅಂಟಿಸಬೇಕು, ಕಟ್ಟಬೇಕು, ಏರಿಸಬೇಕು. ಮೊದಲ ದಿನ ನಾಲ್ಕು ಗಂಟು ಮುಗಿಸುವಷ್ಟರಲ್ಲಿ ನಾನು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿದ್ದೆ. ವಾಡಿಯ ಕಡೆಯಿಂದ ಗಾಳಿ ತಂದ ಸಿಮೆಂಟಿನ ಧೂಳೆಲ್ಲ ಆ ಬಟ್ಟೆಗಳಲ್ಲೇ ಮನೆ ಮಾಡಿತ್ತು.

ಮೈಗಳ್ಳನಿಗೆ ಬುದ್ಧಿ ಬೇಗ ಓಡುತ್ತದೆ. ಎರಡನೆಯ ದಿನ ನನಗೊಂದು ಉಪಾಯ ಹೊಳೆಯಿತು. ಖಾಸಿಂ ಸಾಹೇಬರ ಹತ್ತಿರ ಎಲ್ಲ ಮಿಸಲ್‌ಗಳ ಉರ್ದು ಯಾದಿ ಇತ್ತು, ಗಂಟುಗಳು ಕೂತ ಕ್ರಮದಲ್ಲೇ. ಅವರು ಅದನ್ನು ಓದುತ್ತ ಹೋಗುವುದು. ನಾನು ಗೆರೆ ಹಾಕಿದ ಹಾಳೆಯಲ್ಲಿ ಸಾಲಿಗೊಂದರಂತೆ ಕನ್ನಡ ಹೆಸರು ಬರೆಯುವುದು. ತಿದ್ದುವುದೆಲ್ಲ ಆ ಹಾಳೆಯಲ್ಲೇ ತಿದ್ದುವುದು. ಆಮೇಲೆ ಗೆರೆಗೆ ಸರಿಯಾಗಿ ಕತ್ತರಿಸಿ, ಬಂದ ಚೀಟಿಗಳನ್ನು ಗಂಟುಗಳ ಮೇಲೆ ಸಾಲಾಗಿ ಅಂಟಿಸುತ್ತ ಹೋಗುವುದು. ಒಂದು ಗಂಟನ್ನೂ ಬಿಚ್ಚಬೇಕಿಲ್ಲ, ಇಳಿಸಬೇಕಿಲ್ಲ. ಆರು ವಾರದ ಕೆಲಸ ಮೂರು ದಿನಕ್ಕೆ ಮುಗಿಯುತ್ತಿತ್ತು.

ಖಾಸಿಂ ಸಾಹೇಬರಿಗೆ ಇದು ರುಚಿಸಲಿಲ್ಲ. "ಕೂಸಿನ ಮಾರಿ ನೋಡಲಾರ್ದ ಹೆಸರ ಇಡ್ತಾರೇನು ಬಾಬು?" ಎಂದರು.

"ಕೂಸು ನೀವು ನೋಡೀರಲ್ರಿ ಸಾಹೇಬ್ರ, ಸಾಕು. ನೀವು ಓದ್ರಿ."

ಅವರು ಓದಿದರು, ನಾನು ಬರೆದೆ. ಬರೆಯುವಾಗ ಇನ್ನೂ ಚುರುಕು ಬುದ್ಧಿ ಬಂತು. ನೂರಕ್ಕೂ ಹೆಚ್ಚು ಹೆಸರುಗಳಲ್ಲಿ 'ಬಾವಿಯ ದುರಸ್ತಿ' ಎಂಬುದು ಇತ್ತು; ಅಷ್ಟು ಸಲ ಅದನ್ನೇ ಯಾರು ಬರೆಯಬೇಕು? ಜವಾನ ಹಣಮಂತ ಅರ್ಧ ಆಲೂಗಡ್ಡೆಯ ಮೇಲೆ ಆ ಎರಡು ಪದ ಕೆತ್ತಿ ಮುದ್ರೆ ಮಾಡಿಕೊಟ್ಟ. ನೆಟ್ಟಗೇ ಕೆತ್ತಿದ್ದರಿಂದ ಅದು ಉಲ್ಟಾ ಒತ್ತಿತು. ಕನ್ನಡಿ ಹಿಡಿದರೆ ಚೆನ್ನಾಗಿಯೇ ಓದಬಹುದು ಎಂದು ಅವನು ವಾದಿಸಿದ. ಇನ್ನೊಂದು ಆಲೂಗಡ್ಡೆಯಲ್ಲಿ ಸರಿಯಾಯಿತು. ಮೊದಲಿನದನ್ನು ಅವನು ಮನೆಗೆ ಒಯ್ದು ಪಲ್ಯ ಮಾಡಿಸಿದ.

ಮೈಸೂರನ್ನು ಕರ್ನಾಟಕ ಮಾಡುವುದಂತೂ ಇನ್ನೂ ಸುಲಭ. ಕೆಂಪು ಪೆನ್ಸಿಲು ಹಿಡಿದು, ಬೇರೇನನ್ನೂ ಓದದೆ, ಮೈಸೂರು ಎಂದು ಕಂಡಲ್ಲೆಲ್ಲ ಹೊಡೆದು ಕರ್ನಾಟಕ ಎಂದು ಬರೆದೆ. ಕಾಲು ಗಂಟೆಯಲ್ಲಿ ಆಯಿತು. ಎಂದೋ ಬಂದ ಎಂಜಿನಿಯರ್ ಸಾಹೇಬರ ಉಪಾಹಾರದ ಕಡತವೊಂದು ಇತ್ತೆಂದೂ, ಅದರಲ್ಲಿ ಅವರು ತಿಂದದ್ದು ಕರ್ನಾಟಕಪಾಕು ಎಂದಾಗಿದೆಯೆಂದೂ ಆಮೇಲೆ ಗೊತ್ತಾಯಿತು. ಭೀಮರಾಯರು ಪ್ರತಿ ದೀಪಾವಳಿಗೂ ನನ್ನ ಮೇಜಿನ ಹತ್ತಿರ ನಿಂತು, "ಕರ್ನಾಟಕಪಾಕ ತಂದೀಯೇನಪಾ?" ಎಂದು ಕೇಳುತ್ತಿದ್ದರು.

ಮೂರನೆಯ ದಿನ ಹಣಮಂತ ಮೈದಾಹಿಟ್ಟಿನ ಅಂಟು ಕಾಸಿ ತಂದ. ನಾನು ಚೀಟಿ ಕೊಡುತ್ತ ಹೋದೆ, ಅವನು ಹಳೆಯ ಉರ್ದು ಚೀಟಿಯ ಮೇಲೇ ಹೊಸದನ್ನು ಅಂಟಿಸುತ್ತ ಹೋದ. ಸಂಜೆಗೆ ಕೊನೆಯ ಓಣಿಯ ಕೊನೆಯ ಮನೆ ಮುಟ್ಟಿದೆವು. ನನ್ನ ಕೈಯಲ್ಲಿ ಒಂದು ಚೀಟಿ ಉಳಿಯಿತು. ಅದರ ಮೇಲೆ 'ಕಚೇರಿ ಗಡಿಯಾರದ ದುರಸ್ತಿ' ಎಂದಿತ್ತು.

"ಒಂದು ಉಳೀತಲ್ರಿ," ಎಂದ ಹಣಮಂತ.

ತನ್ನ ಜಾಣತನಕ್ಕೆ ತಾನೇ ಮಾರುಹೋದವನು ಚೀಟಿ ಹೆಚ್ಚಾಯಿತೆಂದು ಯಾಕೆ ಯೋಚಿಸುತ್ತಾನೆ? ಒಂದು ಕಡತ ಕಮ್ಮಿಯಾಗಿದೆ ಎಂದು ತೀರ್ಮಾನಿಸಿದೆ. ಅಷ್ಟಕ್ಕೇ ಬಿಡಲಿಲ್ಲ, ಓಡಿಹೋಗಿ ಭೀಮರಾಯರಿಗೆ ವರದಿ ಕೊಟ್ಟೆ. ನನ್ನ ಪದ್ಧತಿಯಿಂದ ಹೆಸರು ಬದಲಾದದ್ದಲ್ಲದೆ ಕಳೆದುಹೋದ ಕಡತವೂ ಪತ್ತೆಯಾಯಿತು ಎಂದು ಎದೆ ಉಬ್ಬಿಸಿ ಹೇಳಿದ್ದು ಇಂದಿಗೂ ನೆನಪಿದೆ. "ಹುಡುಗ ಭಾಳ ಚಲಾಕ ಇದ್ದಾನ," ಎಂದು ರಾಯರು ದೊಡ್ಡ ಸಾಹೇಬರ ಮುಂದೆ ನನ್ನನ್ನು ಹೊಗಳಿದರು.

ಈಗ ಪೇಚು ಖಾಸಿಂ ಸಾಹೇಬರದು. ಬರುವ ತಿಂಗಳ ಕೊನೆಗೆ ಅವರು ಯಾದಿಯ ಪ್ರಕಾರ ಎಲ್ಲ ಕಡತ ಒಪ್ಪಿಸಿ ಮನೆಗೆ ಹೋಗಬೇಕು. ಮೂವತ್ತೊಂದು ವರ್ಷದಲ್ಲಿ ಒಂದೂ ಮಿಸಲ್ ಕಳೆದವರಲ್ಲ. ಅವರ ಬಾಯಲ್ಲಿ ಬರುತ್ತಿದ್ದ ಜಂಬದ ಮಾತು ಅದೊಂದೇ. ರಾಯರು ಅವರನ್ನು ಕರೆಸಿದರು.

"ಸಾಹೇಬ್ರ, ಒಂದು ಫೈಲ್ ಕಮ್ಮಿ ಬರಾಕತ್ತದ. ಗಡಿಯಾರದ್ದು."

"ಕಮ್ಮಿ? ಬಿಲ್ಕುಲ್ ಇಲ್ರಿ ರಾಯರ. ಕಡೀ ಓಣಿ, ಕಡೀ ಮನಿ. ಈಗ ತರ್ತೀನಿ."

ತಂದರು. ರಾಯರು ಕುರ್ಚಿಯಿಂದಲೇ ಚೀಟಿ ಓದಿದರು. "ಇದರ ಮ್ಯಾಲ 'ದನದ ದೊಡ್ಡಿಯ ಬೇಲಿ' ಅಂತ ಬರದದಲ್ರಿ."

ಖಾಸಿಂ ಸಾಹೇಬರು ಗಂಟನ್ನು ನೋಡಿದರು, ರಾಯರನ್ನು ನೋಡಿದರು, ಆಮೇಲೆ ಗೋಡೆಯ ಗಡಿಯಾರವನ್ನು ನೋಡಿದರು. ಅದು ನಾಲ್ಕೂಕಾಲಿಗೆ ನಿಂತು ಎಷ್ಟೋ ವರ್ಷವಾಗಿತ್ತು. ದುರಸ್ತಿಯ ಕಡತ ಮುಗಿದಿತ್ತು, ದುರಸ್ತಿ ಆಗಿರಲಿಲ್ಲ. "ಬರದದ ಅಂದ್ರ ಹಂಗ ಇರಬೇಕ್ರಿ," ಎಂದು ಮೆಲ್ಲಗೆ ಹೇಳಿ ಗಂಟನ್ನು ಒಳಗೆ ಒಯ್ದರು.

ಬಿಚ್ಚಿ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೀವು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಚೀಟಿ ಹಚ್ಚುವುದೇ ಮತ್ತೆ ಬಿಚ್ಚಬಾರದೆಂದು.

ಮರುದಿನದಿಂದ ಇಡೀ ಕಚೇರಿ ಗಡಿಯಾರದ ಕಡತ ಹುಡುಕಿತು. ಹಣಮಂತ ನೀರಿನ ಹಂಡೆಯ ಹಿಂದೆ ನೋಡಿದ. ಟೈಪಿಸ್ಟು ತನ್ನ ಊಟದ ಡಬ್ಬಿಯನ್ನೂ ತೆರೆದು ತೋರಿಸಿದ. ಖಾಸಿಂ ಸಾಹೇಬರು ಒಂದೊಂದೇ ಗಂಟು ಹಿಡಿದು ನನ್ನ ಹತ್ತಿರ ಬರುತ್ತಿದ್ದರು. "ಇದು ಚಿಂಚೋಳಿ ಸೇತುವಿ ಅಲ್ಲೇನು ಬಾಬು?" ಎನ್ನುವರು. ನಾನು ಚೀಟಿ ನೋಡಿ ಅಲ್ಲ ಎನ್ನುವೆ. "ಇದು ಶಹಾಬಾದದ ಹೊಂಡ ಹೌದಲ್ಲ?" ಅಲ್ಲ. ಪ್ರತಿಸಲ ಅವರ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು. ಕಚೇರಿಯವರು ಅವರೊಂದಿಗೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಕಿವುಡಿಗೂ ಮರೆವಿಗೂ ಏನು ಸಂಬಂಧವೋ! ಹಣಮಂತ ದಿನಾ ಐದು ಬಾದಾಮಿ ನೆನೆಸಿ ತಂದುಕೊಟ್ಟ. ರಾಯರು ತಮ್ಮ ಮನೆಯಿಂದ ತಲೆಗೆ ಹಚ್ಚುವ ಎಣ್ಣೆ ತಂದರು. ಅದರ ವಾಸನೆಗೆ ರೆಕಾರ್ಡ್ ಕೋಣೆಯ ಜಿರಲೆಗಳು ಹೊರಗೆ ಬಂದು ಬಾಗಿಲಲ್ಲಿ ಕೂತವು, ನನ್ನ ಮಧ್ಯಾಹ್ನದ ನಿದ್ದೆಯೂ ಹೋಯಿತು.

ಎರಡು ದಿನ ಹೀಗೆ ಕಳೆದ ಮೇಲೆ, ನಿದ್ದೆ ಬಾರದೆ ಎರಡನೇ ಓಣಿಯಲ್ಲಿ ಸುಮ್ಮನೆ ಚೀಟಿಗಳನ್ನು ಓದುತ್ತ ನಿಂತಿದ್ದೆ. ಒಂದು ಗಂಟಿನ ಮೇಲೆ 'ಹೋಗುವ ಕಾಲುದಾರಿಯ ರಿಪೇರಿ' ಎಂದಿತ್ತು. ಎಲ್ಲಿಗೆ ಹೋಗುವ ಕಾಲುದಾರಿ? ಪಕ್ಕದ ಗಂಟಿನ ಮೇಲೆ 'ಮಳಖೇಡ ಕೋಟೆಯಿಂದ ಕಾಗಿಣಾ ಹೊಳೆಗೆ' ಎಂದಿತ್ತು. ಎರಡೂ ಸೇರಿ ಒಂದೇ ಹೆಸರು. ಉದ್ದವಾಯಿತೆಂದು ನಾನೇ ಅದನ್ನು ಎರಡು ಸಾಲಿನಲ್ಲಿ ಬರೆದಿದ್ದೆ, ನಾನೇ ಗೆರೆಗೆ ಸರಿಯಾಗಿ ಕತ್ತರಿಸಿದ್ದೆ. ಒಂದು ಕಡತಕ್ಕೆ ಎರಡು ಚೀಟಿಗಳಾಗಿದ್ದವು. ಅಲ್ಲಿಂದ ಮುಂದಿನ ಅಷ್ಟೂ ಗಂಟುಗಳು ತಮ್ಮ ಹಿಂದಿನ ಮನೆಯವರ ಹೆಸರು ಹೊತ್ತು ಕೂತಿದ್ದವು. ಖಾಸಿಂ ಸಾಹೇಬರು ತಂದು ತೋರಿಸಿದ ಒಂದೊಂದು ಮಿಸಲೂ ಅವರು ಹೇಳಿದ್ದೇ ಆಗಿತ್ತು.

ಕೂಡಲೇ ಓಡಿಹೋಗಿ ಹೇಳಿದೆ ಎಂದು ಬರೆಯಲು ನನಗೂ ಆಸೆಯಿದೆ. ಹೇಳಲಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದೊಡ್ಡ ಸಾಹೇಬರ ಮುಂದೆ ಚಲಾಕ ಎನಿಸಿಕೊಂಡು ಮೂರು ದಿನವಾಗಿತ್ತಷ್ಟೇ. ಗುಟ್ಟಾಗಿ ಚೀಟಿ ಕಿತ್ತು ಸರಿಮಾಡೋಣವೆಂದು ಉಗುರು ಹಾಕಿ ನೋಡಿದೆ. ಹಣಮಂತನ ಅಂಟು ಅವನ ಹಾಗೆಯೇ ಗಟ್ಟಿ, ಜಪ್ಪಯ್ಯ ಅಂದರೂ ಏಳಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾಲ್ಕು ದಿನ ಕಳೆದೆ. ಆ ನಾಲ್ಕು ದಿನವೂ ಮುದುಕರು ಬಾದಾಮಿ ತಿಂದರು.

ಐದನೆಯ ದಿನ ಕೋಣೆಗೆ ಹೋದಾಗ ಅವರು ಫರ್ಸಿಯ ಮೇಲೆ ಕೂತು ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದರು. ನನ್ನನ್ನು ಕಂಡು ಹತ್ತಿರ ಕರೆದರು.

"ಬಾಬು, ಇಲ್ಲಿ ಕೂಡು. ನಾ ಹೇಳ್ತೀನಿ, ನೀ ಕೇಳು. ವಾಡಿ, ಚಿತ್ತಾಪುರ, ಮಳಖೇಡ ರೋಡ, ಸೇಡಂ, ಕುರಕುಂಟಾ, ತಾಂಡೂರ. ಒಂದರೆ ಸ್ಟೇಶನ್ ಬಿಟ್ಟೀನೇನು?"

"ಇಲ್ರಿ."

"ಮನ್ಯಾಗ ಮೊಮ್ಮಕ್ಕಳ ಹೆಸರ ದಿನಾ ಹೇಳಿ ನೋಡಾಕತ್ತೀನಿ. ಅವೂ ಬರ್ತಾವ. ಮಿಸಲ್ ಅಷ್ಟ ಹೋಗ್ಯಾವ ನೋಡು. ಮೂವತ್ತೊಂದು ವರ್ಷ ಬರೇ ಅವನ್ನ ನೆನಪ ಇಟ್ಟಿದ್ದೆ, ಅವ ಹೋದ್ರ ನನ್ನ ಹಂತೇಲಿ ಏನು ಉಳೀತು?"

ನನಗೆ ಅಳು ಬಂತು. ಇಪ್ಪತ್ತಮೂರು ವರ್ಷದ ಗಂಡಸು, ಹೊಸ ಪ್ಯಾಂಟು ಹಾಕಿಕೊಂಡವನು, ಅವರ ಮುಂದೆ ಮೂಗು ಸೋರಿಸುತ್ತ ಎಲ್ಲ ಹೇಳಿದೆ. ಎರಡು ಸಾಲಿನ ಹೆಸರು, ಕತ್ತರಿ, ಉಳಿದ ಚೀಟಿ, ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಎಲ್ಲವನ್ನೂ ಹೇಳಿದೆ. ಅವರು ಎದ್ದು ಕಡೇ ಓಣಿಯ ಕಡೇ ಮನೆಯಿಂದ ಗಂಟು ಇಳಿಸಿದರು. ಬಿಚ್ಚಿದರು. ಮೊದಲ ಹಾಳೆಯನ್ನು ಉರ್ದುವಿನಲ್ಲಿ ಗಟ್ಟಿಯಾಗಿ ಓದಿದರು. ಗಡಿಯಾರದ್ದೇ. ಇನ್ನೊಂದು ಬಿಚ್ಚಿದರು, ದನದ ದೊಡ್ಡಿ. ಮತ್ತೊಂದು, ಚಿಂಚೋಳಿ ಸೇತುವೆ. ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ಕಣ್ಣು ಮುಚ್ಚಿದೆ.

"ಅಂದ್ರ ನನ್ನ ತಲಿ ನೆಟ್ಟಗದ?" ಎಂದು ಕೇಳಿದರು.

"ನೆಟ್ಟಗದ್ರಿ ಸಾಹೇಬ್ರ. ನಿಮ್ಮ ತಲಿ ನೆಟ್ಟಗದ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು, ಎಣ್ಣೆ ಹಚ್ಚಿದ ತಲೆಯನ್ನು ಗೋಡೆಗೆ ಆನಿಸಿ ಕೂತರು. ಗೋಡೆಯ ಮೇಲೆ ಆ ಎಣ್ಣೆಯ ಕಲೆ ನಾನು ವರ್ಗವಾಗುವವರೆಗೂ ಇತ್ತು. "ಯಾರ ಮುಂದೂ ಹೇಳಬ್ಯಾಡ. ನಿನ್ನ ನೌಕರಿ ಹೊಸಾದು. ನಾವಿಬ್ಬರ ಕೂಡಿ ಸುಮ್ನ ಸರಿ ಮಾಡೂನು," ಎಂದರು. ನಾನೂ ಅದಕ್ಕೆ ಒಪ್ಪಿಬಿಡುವವನೇ. ಅಷ್ಟರಲ್ಲಿ ಹಣಮಂತ ಬಾಗಿಲಲ್ಲಿ ನಿಂತು, ದೂರದ ಹೊಲದಲ್ಲಿದ್ದವರನ್ನು ಕರೆಯುವ ದನಿಯಲ್ಲಿ, "ಸಾಹೇಬ್ರ, ಬಾದಾಮಿ ತಿನ್ರಿ!" ಎಂದು ಕೂಗಿದ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ನೇರ ರಾಯರ ಮೇಜಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ನನ್ನ ತಪ್ಪು ಒಪ್ಪಿಕೊಂಡೆ.

"ಮಳಖೇಡದಿಂದ ಮುಂದ ಎಲ್ಲಾ ಹೊಸಾದಾಗಿ ಬರೀ. ಈ ಸಲ ಗಂಟು ಬಿಚ್ಚಿ, ಒಳಗ ಓದಿ ಬರೀ," ಎಂದರು ರಾಯರು. ನೌಕರಿಯ ಸುದ್ದಿ ಎತ್ತಲಿಲ್ಲ. ನಾನು ಬದುಕಿದೆ ಎಂದುಕೊಂಡು ಹೊರಟಾಗ ಹಿಂದಿನಿಂದ, "ಬಾದಾಮಿ ನಾಳಿಂದ ಇವನಿಗಿ ಕೊಡು ಹಣಮಂತ," ಎಂದರು.

ಇನ್ನೂರಿಪ್ಪತ್ತನಾಲ್ಕು ಗಂಟುಗಳು. ಮೂರು ವಾರ ಖಾಸಿಂ ಸಾಹೇಬರು ಓದಿದರು, ನಾನು ಬರೆದೆ. ಗಂಟಿನೊಳಗೆ ಇಂಥ ಲೋಕವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತಿದ ಹಗ್ಗ ಯಾರದೆಂದು ಹದಿನಾಲ್ಕು ವರ್ಷ ವಿಚಾರಣೆ ನಡೆದಿತ್ತು. ಕೊನೆಯ ಹಾಳೆಯ ಹೊತ್ತಿಗೆ ಅದರ ಕರುವಿನ ಕರು ಅದೇ ಬಾವಿಗೆ ಬಿದ್ದಿತ್ತು. ಕಾಲುದಾರಿ ತನ್ನ ಹೊಲದಲ್ಲಿ ಬರಬಾರದೆಂದು ಅರ್ಜಿ ಕೊಟ್ಟವನೇ, ಮಗಳ ಮದುವೆ ಗೊತ್ತಾದ ಮೇಲೆ, ಅಲ್ಲೇ ಬರಲಿ ಎಂದು ಇನ್ನೊಂದು ಅರ್ಜಿ ಕೊಟ್ಟಿದ್ದ. ಸಾಹೇಬರು ಓದುತ್ತ ಓದುತ್ತ ಎಲ್ಲರ ದನಿಯನ್ನೂ ತೆಗೆಯುತ್ತಿದ್ದರು, ಎಮ್ಮೆಯದನ್ನೂ. ಆ ಮೂರು ವಾರ ನಾನು ಒಂದು ಮಧ್ಯಾಹ್ನವೂ ಮಲಗಲಿಲ್ಲ. ತಿಂಗಳ ಕೊನೆಯ ದಿನ ರಾಯರು ಯಾದಿ ಹಿಡಿದು ಹೆಸರು ಕೂಗಿದರು. ಮುದುಕರು ಚೀಟಿ ನೋಡದೆ ತಂದುಕೊಟ್ಟರು, ನಾನೂರ ಹನ್ನೆರಡನ್ನೂ. ಆಮೇಲೆ ನಾಲಿಗೆ ಹೊರಗೆ ಹಾಕಿ ಕನ್ನಡದಲ್ಲಿ ಸಹಿ ಮಾಡಿ ಮನೆಗೆ ಹೋದರು.

ಇಷ್ಟನ್ನೂ ಭಾಗ್ಯಶ್ರೀ ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಎಮ್ಮೆಯ ದನಿ ತೆಗೆದಾಗ ನಕ್ಕಳು, ಬಾದಾಮಿಯ ಹತ್ತಿರ ನಗಲಿಲ್ಲ. ಆಮೇಲೆ ಆ ಕಡೆ ತಿರುಗಿ, ಫೋಟೋಗಳನ್ನು ನಡುನಡುವೆ ತೆರೆದು ನೋಡತೊಡಗಿದಳು. ನನಗೆ ಗಂಟಲು ಒಣಗಿತ್ತು.

"ಶಾಂತಾ, ಚಹಾ ಮಾಡ್ತಿಯೇನವಾ?" ಎಂದೆ.

ಶಾಂತಾ ಇವಳಲ್ಲ, ಇವಳ ಅವ್ವ. ಈಚೆಗೆ ನನಗೆ ಹೀಗಾಗುತ್ತಿದೆ. ಮನೆಯವರು ನನ್ನನ್ನು ತಿದ್ದುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಅಷ್ಟೇ. ಅದನ್ನು ಕಂಡರೆ ನನಗೆ ಭಯವಾಗುತ್ತದೆ. ಈಗಲೂ ಭಯವಾಯಿತು. ಕುರ್ಚಿಯ ಕೈ ಹಿಡಿದು ಕೂತೆ.

ಭಾಗ್ಯಶ್ರೀ ಎದ್ದು ಬಂದು ನನ್ನ ನೆತ್ತಿಯ ಮೇಲೆ ಕೈಯಿಟ್ಟಳು.

"ನಿನ್ನ ತಲಿ ನೆಟ್ಟಗದ ಮುತ್ಯಾ. ಕೂಡು, ಚಹಾ ತರ್ತೀನಿ," ಎಂದಳು.

ಆ ಮಾತು ಹೇಳಲು ನನಗೆ ನಾಲ್ಕು ದಿನ ಹಿಡಿದಿತ್ತು.